ಪಟ್ಟಿಗೆ ಸೇರಿದ ಒಗೆಯುವ ಮನೆ

ಪಟ್ಟಿ ಬರೆಯುವುದು ನಾವು ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ತಿಂಗಳ ಸಾಮಾನಿನ ಪಟ್ಟಿ, ಅರಿಸಿನ ಕುಂಕುಮಕ್ಕೆ ಕರೆಯಬೇಕಾದವರ ಪಟ್ಟಿ, ಮದುವೆಯಲ್ಲಿ ಯಾರಿಗೆ ಯಾವ ಸೀರೆ ಎಂಬ ಪಟ್ಟಿ, ಮಡಿವಾಳರಿಗೆ ಹಾಕಿದ ಬಟ್ಟೆಯ ಲೆಕ್ಕ ಎಲ್ಲವೂ ಕ್ಯಾಲೆಂಡರಿನ ಬೆನ್ನ ಮೇಲೆ ನಮ್ಮ ಕೈಯಲ್ಲೇ ಬರೆಸಿಕೊಂಡಿವೆ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಎಷ್ಟು ವರ್ಷ ಮಾತು ಕೇಳಬೇಕಾಗುತ್ತದೆ ಎಂಬುದೂ ನಮಗೆ ಚೆನ್ನಾಗಿ ಗೊತ್ತು. ಆದರೆ ಊರಿನ ಕಟ್ಟಡಗಳದ್ದೂ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಯಾವುದನ್ನು ಸೇರಿಸಬೇಕೆಂದು ಊರವರನ್ನೇ ಕೇಳುತ್ತಾರೆ, ಮನೆಯಲ್ಲಿ ಕುಳಿತು ಕಂಪ್ಯೂಟರಿನ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರೆ ಅರ್ಜಿ ಹಾಕಿದಂತೆಯೇ ಎಂಬುದು ಮಾತ್ರ ನನಗೆ ತಿಳಿದದ್ದು 2022ರ ಬೇಸಿಗೆಯಲ್ಲಿ, ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ.

ಮಗಳಿರುವುದು ಉತ್ತರ ಇಂಗ್ಲೆಂಡಿನ ಒಂದು ಹಳೆಯ ಹತ್ತಿಗಿರಣಿಗಳ ಊರಿನಲ್ಲಿ. ಗಿರಣಿಗಳೆಲ್ಲ ಎಂದೋ ನಿಂತುಹೋಗಿ, ಕೆಲವು ಗೋದಾಮುಗಳಾಗಿವೆ, ಕೆಲವು ಬರೀ ಬಯಲಾಗಿವೆ. ಬೆಳಿಗ್ಗೆ ಮಗಳು, ಅಳಿಯ ಕೆಲಸಕ್ಕೆ ಹೊರಟರೆಂದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಮನೆಯಲ್ಲಿ ಎಂಬತ್ತೊಂದು ವರ್ಷದ ಒಬ್ಬಾಕೆ ಒಂಟಿಯಾಗಿದ್ದರು. ಬೇಲಿಯ ಮೇಲಿಂದ ಶುರುವಾದ ಸ್ನೇಹ ನನ್ನ ಚಿತ್ರಾನ್ನ, ಅವರ ಸೇಬಿನ ಕಡುಬು ಆಚೀಚೆ ದಾಟಿ ಗಟ್ಟಿಯಾಯಿತು. ಅವರ ಮಾತಿನ ಧಾಟಿ ಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು. ನನ್ನ ಇಂಗ್ಲಿಷು ಹಿಡಿಯಲು ಅವರಿಗೆಷ್ಟು ಬೇಕಾಯಿತೋ ಅವರು ಹೇಳಲಿಲ್ಲ.

ಒಂದು ದಿನ ಅವರು ಊರಿನ ಕೌನ್ಸಿಲ್ಲಿನವರು ಹಂಚಿದ ಕಾಗದವೊಂದನ್ನು ಹಿಡಿದುಕೊಂಡು ಬಂದರು. ಕಣ್ಣಿನ ಪೊರೆಯಿಂದಾಗಿ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಓದಿ ಹೇಳಿದೆ. ನಿಮ್ಮ ಊರಿನಲ್ಲಿ ನಿಮಗೆ ಮುಖ್ಯವೆನಿಸುವ ಹಳೆಯ ಕಟ್ಟಡ ಯಾವುದು, ಅದನ್ನು ಊರಿನ ಪರಂಪರೆಯ ಪಟ್ಟಿಗೆ ಸೂಚಿಸಿ, ಎಂದಿತ್ತು.

ಆ ದೇಶದಲ್ಲಿ ಇಂಥ ಪಟ್ಟಿ ಎರಡು ಬಗೆಯದು. ಒಂದು ಇಡೀ ಇಂಗ್ಲೆಂಡಿನ ಪಟ್ಟಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದ ಊರುಗಳಲ್ಲಿ ಯಾವ ಕಟ್ಟಡವನ್ನು ದುರಸ್ತಿ ಮಾಡಿ ಉಳಿಸಬೇಕು, ಯಾವುದನ್ನು ಕೆಡವಬಹುದು ಎಂದು ತಿಳಿಯಲು ವಾಸ್ತುಶಿಲ್ಪಿಗಳಿಂದ ಪಟ್ಟಿ ಮಾಡಿಸಿದರು. ಆ ಕೆಲಸವೇ ಬೆಳೆದು 1947ರ ಪಟ್ಟಣ ಯೋಜನಾ ಕಾಯಿದೆಯೊಳಗೆ ಸೇರಿತು. ಈಗ ಅದರಲ್ಲಿ ಸುಮಾರು 4 ಲಕ್ಷ ದಾಖಲೆಗಳಿವೆ. ಅರಮನೆ, ಚರ್ಚು, ಸೇತುವೆಗಳಿಂದ ಹಿಡಿದು ಕೆಂಪು ಟೆಲಿಫೋನ್ ಗೂಡುಗಳವರೆಗೆ ಎಲ್ಲಕ್ಕೂ ದರ್ಜೆ ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿರುವ ಕಟ್ಟಡವನ್ನು ಅಪ್ಪಣೆಯಿಲ್ಲದೆ ಕೆಡವಿದರೆ ಅಪರಾಧ.

ಇನ್ನೊಂದು ಆಯಾ ಊರಿನ ಪಟ್ಟಿ. ದೇಶದ ಪಟ್ಟಿಗೆ ಏರುವಷ್ಟು ದೊಡ್ಡಸ್ತಿಕೆಯಿಲ್ಲ, ಆದರೂ ಊರಿಗೆ ಬೇಕಾದದ್ದು ಎನಿಸುವ ಶಾಲೆ, ಅಂಗಡಿ, ಸಣ್ಣ ಪ್ರಾರ್ಥನಾ ಮಂದಿರ, ಕಾರ್ಮಿಕರ ಸಾಲುಮನೆಗಳು ಇದರಲ್ಲಿ ಬರುತ್ತವೆ. ಇಂಥ ಪಟ್ಟಿಗಳನ್ನು ಸಿದ್ಧಪಡಿಸಲೆಂದು 2021ರಲ್ಲಿ ಅಲ್ಲಿನ ಸರ್ಕಾರ 22 ಪ್ರದೇಶಗಳಿಗೆ ಒಟ್ಟು 15 ಲಕ್ಷ ಪೌಂಡು ಕೊಟ್ಟಿತು. ಅದರಿಂದ ಹಲವು ಕಡೆ ಜನರೇ ನಕ್ಷೆಯ ಮೇಲೆ ಗುರುತು ಮಾಡಿ ಕಟ್ಟಡ ಸೂಚಿಸುವ ಏರ್ಪಾಡು ಬಂತು. ಊರಿನ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಟ್ಟಡವನ್ನು ಕೆಡವಬಾರದೆಂಬ ಕಟ್ಟಳೆಯೇನಿಲ್ಲ. ಯಾರಾದರೂ ಅದನ್ನು ಬದಲಾಯಿಸಲು ಅರ್ಜಿ ಹಾಕಿದಾಗ, ಇದಕ್ಕೊಂದು ಬೆಲೆಯಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ತೂಗಿ ನೋಡಬೇಕು, ಅಷ್ಟೆ. ಏನೂ ಇಲ್ಲದಿದ್ದರೆ ತೂಗುವವರೂ ಇರುವುದಿಲ್ಲವಲ್ಲ!

“ನಿಮ್ಮ ಮನಸ್ಸಿನಲ್ಲಿ ಯಾವುದಾದರೂ ಇದೆಯೇ?” ಎಂದು ಕೇಳಿದೆ. ಅವರು ಚಹಾ ಕುಡಿಯುತ್ತಾ, “ಎಲ್ಲರೂ ಟೌನ್ ಹಾಲು, ಚರ್ಚು ಅಂತ ಬರೀತಾರೆ. ಹಳೇ ಒಗೆಯುವ ಮನೆ ಯಾರಿಗೂ ನೆನಪಿರುವುದಿಲ್ಲ” ಎಂದರು. ಮರುಕ್ಷಣವೇ, “ನೆನಪಿಟ್ಟುಕೊಂಡು ತಾನೇ ಏನಾಗಬೇಕು, ಬಿಡಿ” ಎಂದರು.

ಆ ಕಟ್ಟಡವನ್ನು ನಾನು ದಿನವೂ ದಾಟಿಹೋಗುತ್ತಿದ್ದೆ. ಹೊಗೆಗೆ ಕಪ್ಪಾದ ಕೆಂಪು ಇಟ್ಟಿಗೆಯ ಗೋಡೆ, ಕಮಾನಿನ ಬಾಗಿಲು, ಬಾಗಿಲ ಮೇಲಿನ ಕಲ್ಲಿನಲ್ಲಿ 1893 ಎಂಬ ಅಂಕಿ, ಹಿಂದುಗಡೆ ಅರ್ಧಕ್ಕೆ ಕತ್ತರಿಸಿದ ಚಿಮಣಿ. ಆಗ ಅದು ರತ್ನಗಂಬಳಿ ಮಾರುವವರ ಉಗ್ರಾಣವಾಗಿತ್ತು. ಹೊರಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ನೇತಾಡುತ್ತಿತ್ತು.

ಊರಿನ ಖರ್ಚಿನಲ್ಲಿ ಬಟ್ಟೆ ಒಗೆಯಲು ಮನೆ ಕಟ್ಟಿಸಿದ್ದರೆಂದರೆ ನನಗೆ ಆಶ್ಚರ್ಯ. ಆ ಕಥೆ ಲಿವರ್‌ಪೂಲಿನ ಕಿಟ್ಟಿ ವಿಲ್ಕಿನ್ಸನ್ ಎಂಬ ಹೆಂಗಸಿನಿಂದ ಶುರುವಾಗುತ್ತದೆ. ಐರ್ಲೆಂಡಿನಿಂದ ವಲಸೆ ಬಂದ ಬಡವಿ. 1832ರಲ್ಲಿ ಊರಿಗೆ ಕಾಲರಾ ಬಂತು. ಅವಳ ಬೀದಿಯಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ಇಂಗ್ಲಿಷರು ಅದನ್ನು ‘ಕಾಪರ್’ ಎನ್ನುತ್ತಾರೆ, ನಮ್ಮ ಬಚ್ಚಲಮನೆಯ ತಾಮ್ರದ ಹಂಡೆಯ ಅಕ್ಕತಂಗಿಯೇ ಅನ್ನಿ. ರೋಗಿಗಳ ಹಾಸಿಗೆ ಬಟ್ಟೆಗಳನ್ನು ಅದರಲ್ಲಿ ಕುದಿಸಿ, ಸುಣ್ಣದಿಂದ ಮಾಡಿದ ಚೆಲುವೆಪುಡಿ ಹಾಕಿ ಒಗೆಯಲು ನೆರೆಯವರನ್ನೆಲ್ಲ ಅವಳು ತನ್ನ ಮನೆಗೆ ಕರೆದಳು. ವಾರಕ್ಕೆ ಒಂದು ಪೆನ್ನಿ. ರೋಗದ ಕ್ರಿಮಿಯ ವಿಚಾರ ವೈದ್ಯರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲದ ಕಾಲ ಅದು. ಅವಳ ಕೆಲಸ ನೋಡಿ ಊರಿನ ಪ್ರಮುಖರು ಕೈಜೋಡಿಸಿದರು. 1842ರಲ್ಲಿ ಲಿವರ್‌ಪೂಲಿನಲ್ಲಿ ಸಾರ್ವಜನಿಕ ಸ್ನಾನಗೃಹ ಮತ್ತು ಒಗೆಯುವ ಮನೆ ತೆರೆಯಿತು. 1846ರಲ್ಲಿ ಇಂಥವನ್ನು ಊರಿನ ತೆರಿಗೆ ಹಣದಲ್ಲಿ ಕಟ್ಟಬಹುದೆಂದು ಕಾಯಿದೆಯೇ ಬಂತು. ಕಿಟ್ಟಿಗೆ ರಾಣಿಯ ಹೆಸರಿನಲ್ಲಿ ಒಂದು ಬೆಳ್ಳಿಯ ಟೀಪಾಟನ್ನೂ ಕೊಟ್ಟರು. ಅವಳು ತೀರಿಕೊಂಡದ್ದು 1860ರಲ್ಲಿ. ಲಿವರ್‌ಪೂಲಿನ ಸೇಂಟ್ ಜಾರ್ಜ್ಸ್ ಹಾಲಿನಲ್ಲಿ ಸಾಲಾಗಿ ನಿಂತ ಗಂಡಸರ ಅಮೃತಶಿಲೆಯ ಪ್ರತಿಮೆಗಳ ನಡುವೆ ಮೊದಲ ಹೆಣ್ಣಿನ ಪ್ರತಿಮೆಯಾಗಿ ಅವಳು ನಿಂತದ್ದು 2012ರಲ್ಲಿ!

ಇದನ್ನೆಲ್ಲ ನಾನು ಉತ್ಸಾಹದಿಂದ ಓದಿ ಹೇಳಿದರೆ ನೆರೆಯಾಕೆಯ ಮುಖದಲ್ಲಿ ಉತ್ಸಾಹವೇ ಕಾಣಲಿಲ್ಲ. “ನೀವು ಅದರೊಳಗೆ ಹೋಗಿ ನಿಂತಿಲ್ಲ. ಉಗಿ, ಸೆಕೆ, ಒದ್ದೆ ನೆಲ. ನನ್ನಮ್ಮನ ಕೈ ಸೋಡಾಪುಡಿಗೆ ಬಿರಿದುಹೋಗಿತ್ತು. ಆ ಕಷ್ಟವನ್ನು ಯಾಕೆ ಉಳಿಸಬೇಕು?” ಎಂದರು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಮ್ಮನೂ ಹಿತ್ತಿಲಿನ ಒಗೆಯುವ ಕಲ್ಲಿನ ಮುಂದೆ ಬೆನ್ನು ಬಗ್ಗಿಸಿ ಬದುಕಿನ ಅರ್ಧ ಕಳೆದವಳು. ಬಾವಿಯಿಂದ ನೀರು ಸೇದಿ, ಐನೂರೊಂದು ಬಾರ್ ಸೋಪನ್ನು ದಾರದಿಂದ ಕತ್ತರಿಸಿ, ಬಕೆಟ್ಟುಗಟ್ಟಲೆ ಬಟ್ಟೆ ಒಗೆದು, ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚು ಎನ್ನುತ್ತಿದ್ದಳು. ನಮ್ಮ ಮನೆಗೆ ಮೊದಲ ವಾಷಿಂಗ್ ಮೆಷಿನ್ನು ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಹೂವು ಮುಡಿಸಿದವಳೂ ಅವಳೇ. ಆ ಕಲ್ಲನ್ನು ಕಿತ್ತು ಹಾಕಿದಾಗ ಯಾರೂ ಕಣ್ಣೀರು ಹಾಕಲಿಲ್ಲ. ಹಾಗಿರುವಾಗ ಪರದೇಶದ ಒಂದು ಒಗೆಯುವ ಮನೆಗಾಗಿ ನಾನೇಕೆ ಮರುಗಬೇಕು?

ಆದರೂ ಸುಮ್ಮನೆ ನಕ್ಷೆ ನೋಡೋಣವೆಂದು ಮಗಳ ಲ್ಯಾಪ್‌ಟಾಪ್ ತೆಗೆದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಬ್ರಿಟನ್ನಿನ ಹಳೆಯ ಸರ್ವೆ ನಕ್ಷೆಗಳನ್ನು ಯಾರು ಬೇಕಾದರೂ ನೋಡುವಂತೆ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಪರದೆಯ ಎಡಕ್ಕೆ ನೂರು ವರ್ಷದ ಹಿಂದಿನ ನಕ್ಷೆ, ಬಲಕ್ಕೆ ಇಂದು ಆಕಾಶದಿಂದ ತೆಗೆದ ಚಿತ್ರ. ಒಂದರ ಮೇಲೆ ಬಾಣದ ಗುರುತು ಸರಿಸಿದರೆ ಇನ್ನೊಂದರ ಮೇಲೂ ಅದೇ ಜಾಗಕ್ಕೆ ಸರಿಯುತ್ತದೆ. ಒಂದು ಮೈಲಿಗೆ 25 ಅಂಗುಲದಂತೆ ಬರೆದ ನಕ್ಷೆಯಾದ್ದರಿಂದ ಒಂದೊಂದು ಮನೆ, ಒಂದೊಂದು ಹಿತ್ತಿಲೂ ಬೇರೆಬೇರೆಯಾಗಿ ಕಾಣುತ್ತದೆ.

ನೆರೆಯಾಕೆ ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿದರು. ಬಲಗಡೆ ಕಾರು ನಿಲ್ಲಿಸುವ ಬಯಲಿದ್ದಲ್ಲಿ ಎಡಗಡೆ ಸಾಲುಸಾಲು ಪುಟ್ಟ ಮನೆಗಳು. “ಇದು ನಮ್ಮ ಬೀದಿ” ಎಂದರು. ಬೆರಳಿಟ್ಟು ಒಂದೊಂದೇ ಮನೆ ಎಣಿಸಿದರು. ಇಲ್ಲಿ ನಾವು, ಇಲ್ಲಿ ಹೆರಿಗೆ ಮಾಡಿಸುವಾಕೆ, ಇಲ್ಲಿ ಸಾಲ ಕೊಡುವಾಕೆ, ಎಂದು ಹೇಳುತ್ತಾ ಹೋದರು. ಎಪ್ಪತ್ತು ವರ್ಷದ ಹಿಂದಿನ ಬೀದಿ ಊಟದ ಮೇಜಿನ ಮೇಲೆ ಎದ್ದು ಬಂತು.

ಆಗ ನಾನು ಒಂದನ್ನು ಗಮನಿಸಿದೆ. ಆ ನಕ್ಷೆಯಲ್ಲಿ ಮನೆಗಳಿಗೆ ಹೆಸರಿಲ್ಲ, ಬರೀ ಚೌಕಗಳು. ಹೆಸರು ಬರೆದಿರುವುದು ಗಿರಣಿಗೆ, ಚರ್ಚಿಗೆ, ಶಾಲೆಗೆ. ಹೆಂಡದಂಗಡಿ ಇದ್ದಲ್ಲೆಲ್ಲ ಎರಡಕ್ಷರದ ಗುರುತು. ಅಂಚೆ ಡಬ್ಬಿಗೂ ಒಂದು ಗುರುತು. ಗಿರಣಿ ಯಜಮಾನರದು, ಚರ್ಚು ಪಾದ್ರಿಯದು, ಹೆಂಡದಂಗಡಿ ಗಂಡಸರದು. ಇವೆಲ್ಲದರ ನಡುವೆ ಸ್ಪಷ್ಟವಾದ ಅಕ್ಷರಗಳಲ್ಲಿ ಒಗೆಯುವ ಮನೆಯ ಹೆಸರು! ಪಕ್ಕದಲ್ಲಿ ಚಿಮಣಿಯ ಗುರುತು. ಆ ಬೀದಿಗಳ ಹೆಂಗಸರು ಬದುಕಿದ್ದರೆಂಬುದಕ್ಕೆ ಆ ಇಡೀ ಹಾಳೆಯಲ್ಲಿ ಇದ್ದ ಸಾಕ್ಷಿ ಅದೊಂದೇ. ನಾನಿದನ್ನು ಹೇಳಿದಾಗ ನೆರೆಯಾಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಅರ್ಜಿ ಹಾಕೋಣ” ಎಂದರು.

ಅರ್ಜಿಯ ಮೊದಲ ಕೆಲಸ ಕಟ್ಟಡದ ಗಡಿ ಗುರುತಿಸುವುದು. ಕೌನ್ಸಿಲ್ಲಿನ ನಕ್ಷೆಯನ್ನು ದೊಡ್ಡದು ಮಾಡಿಕೊಂಡು, ಒಂದು ಮೂಲೆಯಲ್ಲಿ ಒತ್ತಿದರೆ ಚುಕ್ಕಿ ಬೀಳುತ್ತದೆ. ಮುಂದಿನ ಮೂಲೆಗೆ ಹೋದರೆ ಗೆರೆ ಹಿಂದೆಯೇ ಬರುತ್ತದೆ. ಸುತ್ತಿ ಬಂದು ಮೊದಲ ಚುಕ್ಕಿಗೆ ಸೇರಿಸಿದರೆ ಒಳಗೆಲ್ಲ ಬಣ್ಣ ತುಂಬಿಕೊಳ್ಳುತ್ತದೆ. ನಲವತ್ತು ವರ್ಷ ಚುಕ್ಕಿ ರಂಗೋಲಿ ಹಾಕಿದವಳಿಗೆ ಇದೇನು ಮಹಾ! ಮಗಳು ಸಂಜೆ ಬಂದು ನೋಡಿ, “ಅಮ್ಮಾ, ನಾನು ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ” ಎಂದಳು.

ಆದರೆ ಗಡಿ ಎಲ್ಲಿಯವರೆಗೆ ಎಂಬುದನ್ನು ಹೇಳಿದ್ದು ನೆರೆಯಾಕೆಯೇ. ಆಕಾಶದ ಚಿತ್ರದಲ್ಲಿ ಹಿಂದಿನ ಭಾಗವೆಲ್ಲ ಒಂದೇ ತಗಡಿನ ಸೂರು. “ತಗಡು ಆಮೇಲೆ ಬಂದದ್ದು. ಇದರ ಕೆಳಗೆ ಬಾಯ್ಲರ್ ಕೋಣೆ, ಅದು ಹಳೆಯದು. ಅದರಾಚೆ ಕಲ್ಲಿದ್ದಲಿನ ಅಂಗಳ” ಎಂದರು. ಹಳೆಯ ನಕ್ಷೆಗೆ ಹೋಲಿಸಿದರೆ ಗೆರೆ ಅವರು ಹೇಳಿದ ಜಾಗದಲ್ಲೇ ಇತ್ತು.

ಆಮೇಲೆ ಪ್ರಶ್ನೆಗಳು. ಕಟ್ಟಡ ಎಷ್ಟು ಹಳೆಯದು? ಇಂಥದು ಅಪರೂಪವೇ? ಕಟ್ಟಿದ ರೀತಿಯಲ್ಲಿ ಏನಾದರೂ ವಿಶೇಷವಿದೆಯೇ? ಸುತ್ತಲಿನ ಕಟ್ಟಡಗಳೊಡನೆ ಸೇರಿ ಅದಕ್ಕೊಂದು ಅರ್ಥವಿದೆಯೇ? ಊರಿನ ಇತಿಹಾಸಕ್ಕೂ ಇದಕ್ಕೂ ಏನು ನಂಟು? ವಯಸ್ಸಿಗೆ ಬಾಗಿಲ ಮೇಲಿನ ಕಲ್ಲೇ ಸಾಕ್ಷಿ. ಜೊತೆಗೆ, 1893ಕ್ಕೆ ಮುಂಚಿನ ನಕ್ಷೆಯಲ್ಲಿ ಆ ಜಾಗ ಖಾಲಿ, ಮುಂದಿನ ನಕ್ಷೆಯಲ್ಲಿ ಕಟ್ಟಡ. ಎರಡೂ ನಕ್ಷೆಗಳನ್ನು ಲಗತ್ತಿಸಿದೆವು. ಫೋಟೋಗಳನ್ನು ನಾನೇ ರಸ್ತೆಯಲ್ಲಿ ನಿಂತು ತೆಗೆದೆ.

ಇತಿಹಾಸದ ನಂಟು ಎಂಬಲ್ಲಿಗೆ ಬಂದಾಗ ನಾನು ಬರೆದುಕೊಳ್ಳುವವಳು, ಅವರು ಹೇಳುವವರು. ಸೋಮವಾರ ಒಗೆಯುವ ದಿನ. ಹಳೆಯ ಕೈಗಾಡಿಯಲ್ಲಿ, ಎಂದರೆ ಮಗುವನ್ನು ಮಲಗಿಸುವ ಪ್ರಾಮಿನಲ್ಲಿ, ಬಟ್ಟೆಯ ಗಂಟು ಹಾಕಿಕೊಂಡು ಬೆಳಗಿನ ಜಾವವೇ ಸಾಲಿನಲ್ಲಿ ನಿಲ್ಲುವುದು. ಒಬ್ಬೊಬ್ಬರಿಗೆ ಒಂದೊಂದು ಗೂಡು. ಗೂಡಿನಲ್ಲಿ ಒಂದು ತೊಟ್ಟಿ, ಒಂದು ಹಂಡೆ. ಕುದಿಸಿ, ತಿಕ್ಕಿ, ಅಲುಬಿ, ಕಬ್ಬಿನ ಗಾಣದಂಥ ಎರಡು ಉರುಳೆಗಳ ನಡುವೆ ಹಾಯಿಸಿ ಹಿಂಡುವುದು. ಆಮೇಲೆ ಗೋಡೆಯೊಳಗಿನಿಂದ ಎತ್ತರದ ಕಬ್ಬಿಣದ ಚೌಕಟ್ಟನ್ನು ಎಳೆದು, ಬಟ್ಟೆ ಹರವಿ, ಮತ್ತೆ ಒಳಕ್ಕೆ ತಳ್ಳುವುದು. ಬಿಸಿಗಾಳಿಗೆ ಒಣಗಿ ಬರುತ್ತಿದ್ದವು. ಮಳೆ ಬಿಡದ ಊರಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರವಿರಲಿಲ್ಲವಂತೆ. ಯಾರ ಗಂಡನಿಗೆ ಕೆಲಸ ಹೋಯಿತು, ಯಾರಿಗೆ ದಿನ ತುಂಬಿದೆ, ಯಾರ ಮನೆಯಲ್ಲಿ ಹೊಡೆತ ಬಡಿತ, ಎಲ್ಲ ಸುದ್ದಿಯೂ ಆ ಉಗಿಯಲ್ಲೇ ತಿಳಿಯುತ್ತಿತ್ತು. ಕಷ್ಟದಲ್ಲಿದ್ದವಳ ಬಟ್ಟೆಯನ್ನು ಉಳಿದವರು ಹಂಚಿಕೊಂಡು ಒಗೆದುಬಿಡುತ್ತಿದ್ದರು.

“ನಿಮ್ಮ ತಾಯಿ ವಾರಕ್ಕೊಮ್ಮೆ ಹೋಗುತ್ತಿದ್ದರೇ?” ಎಂದು ಕೇಳಿದೆ. ಅವರು ಕಪ್ಪನ್ನು ಕೆಳಗಿಟ್ಟರು. “ಐದು ದಿನ” ಎಂದರು. ತಂದೆ ಯುದ್ಧದಿಂದ ಹಿಂದಿರುಗಲಿಲ್ಲ. ತಾಯಿ ಅನುಕೂಲಸ್ಥರ ಮನೆಯ ಬಟ್ಟೆ ತಂದು, ಒಗೆದು, ಇಸ್ತ್ರಿ ಮಾಡಿ ಕೊಟ್ಟು ಮೂರು ಮಕ್ಕಳನ್ನು ಸಾಕಿದರು. ಈ ಸಂಗತಿಯನ್ನು ನೆರೆಯಾಕೆ ಶಾಲೆಯ ಗೆಳತಿಯರಿಗೆ ಹೇಳಿರಲಿಲ್ಲ, ಮದುವೆಯಾದ ಮೇಲೆ ಅತ್ತೆಮನೆಯಲ್ಲೂ ಹೇಳಿರಲಿಲ್ಲ. ಅವರ ಸ್ವಂತ ಮಕ್ಕಳಿಗೂ ಅಜ್ಜಿ ‘ಮನೆಯಲ್ಲೇ ಇದ್ದವಳು’ ಎಂದಷ್ಟೇ ಗೊತ್ತು.

ಈ ನಾಚಿಕೆ ನನಗೆ ಪರಕೀಯವೆನಿಸಲಿಲ್ಲ. ಬೇರೆಯವರ ಬಟ್ಟೆ ಒಗೆಯುವ ಕೈಯನ್ನು ಕೀಳೆಂದು ಕಂಡು, ಅದಕ್ಕೊಂದು ಜಾತಿಯನ್ನೇ ಕಟ್ಟಿಟ್ಟ ನಾಡಿನವಳು ನಾನು. ಅವರಿಗೆ ಮಡಿವಾಳ ಮಾಚಿದೇವರ ವಿಷಯ ಹೇಳಿದೆ. 12ನೆಯ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಬಟ್ಟೆ ಒಗೆಯುತ್ತಲೇ ಶರಣರಾದವರು, ವಚನ ಬರೆದವರು, ಇವತ್ತಿಗೂ ಅವರ ಜಯಂತಿ ಮಾಡುತ್ತೇವೆ ಎಂದೆ. “ನಿಮ್ಮಲ್ಲಿ ಒಗೆಯುವವರು ಸಂತರಾಗಿದ್ದಾರೆಯೇ?” ಎಂದು ಅವರು ಎರಡು ಸಲ ಕೇಳಿದರು. ಆಗಿದ್ದಾರೆ, ಆದರೂ ನಾವು ಪೂರ್ತಿ ಕಲಿತಿಲ್ಲ ಎಂದೆ.

ಅರ್ಜಿಯಲ್ಲಿ ತಾಯಿಯ ವಿಷಯ ಬರೆಯಲೋ ಬೇಡವೋ ಎಂಬುದು ಅವರಿಗೆ ಬಿಟ್ಟದ್ದು. ಸಾರ್ವಜನಿಕರು ಓದುವ ಕಾಗದ ಅದು. ಎರಡು ದಿನ ಅವರು ಬೇಲಿಯ ಹತ್ತಿರ ಬರಲೇ ಇಲ್ಲ. ಮೂರನೆಯ ದಿನ ಬಂದು, “ಬರೆಯಿರಿ. ಬೇರೆಯವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದರು ಅಂತಲೇ ಬರೆಯಿರಿ. ಆ ಹೊತ್ತಿಗೆ ಆ ಮನೆ ಇಲ್ಲದಿದ್ದರೆ ನಾವು ಮೂವರೂ ಅನಾಥಾಲಯಕ್ಕೆ ಹೋಗಬೇಕಾಗಿತ್ತು” ಎಂದರು. ಬರೆದೆವು. ಕಷ್ಟವನ್ನು ಯಾಕೆ ಉಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕೊನೆಗೆ ಅವರ ಬಾಯಿಂದಲೇ ಬಂದಿತ್ತು.

ಸೆಪ್ಟೆಂಬರಿನಲ್ಲಿ ನಾನು ಊರಿಗೆ ಮರಳಿದೆ. ಕೌನ್ಸಿಲ್ಲಿನವರು ಅರ್ಜಿಯನ್ನು ಪರಿಶೀಲನಾ ಸಮಿತಿಯ ಮುಂದಿಟ್ಟು, ಕಟ್ಟಡದ ಮಾಲೀಕರ ಮಾತನ್ನೂ ಕೇಳಿ, ಮುಂದಿನ ವರ್ಷದ ವಸಂತದಲ್ಲಿ ಅದನ್ನು ಪಟ್ಟಿಗೆ ಸೇರಿಸಿದರು. ಮಗಳು ವಾಟ್ಸಾಪಿನಲ್ಲಿ ಆ ಪುಟ ಕಳಿಸಿದಳು. ನಾನು ಹಾಕಿದ ಚುಕ್ಕಿಗಳ ಗೆರೆ ಹಾಗೆಯೇ ಇತ್ತು.

ಅದೇ 2023ರ ಆಗಸ್ಟಿನಲ್ಲಿ ಆ ದೇಶದಲ್ಲೆಲ್ಲ ಗದ್ದಲವೆಬ್ಬಿಸಿದ ಸುದ್ದಿಯೊಂದು ಬಂತು. ಸ್ಟಾಫರ್ಡ್‌ಶೈರಿನಲ್ಲಿ ಗಣಿಯಿಂದ ನೆಲ ಕುಸಿದು ವಾಲಿಕೊಂಡಿದ್ದ ‘ಕ್ರುಕೆಡ್ ಹೌಸ್’ ಎಂಬ ಪ್ರಸಿದ್ಧ ಪಬ್ಬು, 1765ರ ಕಟ್ಟಡ, ಆಗಸ್ಟ್ 5ರಂದು ಬೆಂಕಿಗೆ ಸಿಕ್ಕಿತು. ಎರಡೇ ದಿನದಲ್ಲಿ ಅದನ್ನು ಪೂರ್ತಿ ಕೆಡವಿಹಾಕಿದರು. ಅಷ್ಟು ಹೆಸರಾದ ಕಟ್ಟಡವೂ ದೇಶದ ಪಟ್ಟಿಯಲ್ಲಿರಲಿಲ್ಲ! ಅದನ್ನು ಮತ್ತೆ ಕಟ್ಟಿಕೊಡಬೇಕೆಂದು ಅಲ್ಲಿನ ಕೌನ್ಸಿಲ್ಲು 2024ರಲ್ಲಿ ಆದೇಶ ಹೊರಡಿಸಿತು. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನಿನ ಕಥೆಯೂ ಇಂಥದೇ. 2015ರಲ್ಲಿ ಅಪ್ಪಣೆಯಿಲ್ಲದೆ ಕೆಡವಿದ್ದನ್ನು ಮತ್ತೆ ಕಟ್ಟಿಸಿ, 2021ರಲ್ಲಿ ತೆರೆದರು. ಪಟ್ಟಿಗೆ ಸೇರಿಸಬೇಕೇ ಎಂದು ಪರಿಶೀಲಿಸುತ್ತಿದ್ದುದರಿಂದ ಅದರ ವಿವರಗಳೆಲ್ಲ ಮೊದಲೇ ದಾಖಲಾಗಿದ್ದವು. ಹಾಗಾಗಿ ಹೇಗಿತ್ತೋ ಹಾಗೇ ಕಟ್ಟಲು ಸಾಧ್ಯವಾಯಿತು. ಬರೆದಿಡದ್ದನ್ನು ಮರಳಿ ಕಟ್ಟಿ ಎಂದು ಯಾರನ್ನು ಕೇಳುವುದು?

ನಮ್ಮ ಒಗೆಯುವ ಮನೆ ಕೊನೆಗೂ ಮಾರಾಟವಾಯಿತು. ಕೊಂಡವರು ಎಲ್ಲವನ್ನೂ ಕೆಡವಿ ಫ್ಲ್ಯಾಟುಗಳನ್ನು ಕಟ್ಟುವುದಾಗಿ ಮೊದಲು ಅರ್ಜಿ ಹಾಕಿದರಂತೆ. ಪಟ್ಟಿಯಲ್ಲಿರುವ ಕಟ್ಟಡವೆಂದು ಕೌನ್ಸಿಲ್ಲಿನವರು ಮಾತುಕತೆಗೆ ಕರೆದ ಮೇಲೆ ಯೋಜನೆ ಬದಲಾಯಿತು. ಹಿಂದಿನ ತಗಡು ಹೋಗುತ್ತದೆ, ಬಾಯ್ಲರ್ ಕೋಣೆಯೂ ಹೋಗುತ್ತದೆ. ಮುಂಭಾಗದ ಗೋಡೆ, ಕಮಾನಿನ ಬಾಗಿಲು, ಆ 1893ರ ಕಲ್ಲು ಉಳಿಯುತ್ತವೆ. ಪೂರ್ತಿ ಗೆದ್ದೆವೆಂದು ಹೇಳಲಾರೆ. ನೆರೆಯಾಕೆ ಮಾತ್ರ ಫೋನಿನಲ್ಲಿ ನಗುತ್ತಾ, “ಒಳಗಿನ ಒಂದೊಂದು ಮನೆಯಲ್ಲೂ ಒಂದೊಂದು ವಾಷಿಂಗ್ ಮೆಷಿನ್ ಇರುತ್ತದೆ. ಅಮ್ಮನಿಗೆ ಕೇಳಿದ್ದರೆ ಇದೇ ಸರಿ ಅನ್ನುತ್ತಿದ್ದಳು” ಎಂದರು. ತಮ್ಮ ಮೊಮ್ಮಗಳಿಗೆ ಪಟ್ಟಿಯ ಆ ಪುಟವನ್ನು ಓದಿಸಿದರಂತೆ.

ನಮ್ಮ ಊರಿನಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಲು ಯಾವ ಕಾಗದವೂ ಮನೆಗೆ ಬಂದಿಲ್ಲ. ಅದು ಬರುವವರೆಗೆ ಕಾಯುವುದು ಬೇಡವೆಂದು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟುಕೊಂಡಿದ್ದೇನೆ. ಕೆರೆ ಏರಿಯ ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಮೆಟ್ಟಿಲುಗಳು, ಹಳೆಯ ಹೆರಿಗೆ ಆಸ್ಪತ್ರೆಯ ಹೆಂಚಿನ ವಾರ್ಡು, ಸಂಜೆ ಹೊತ್ತು ಹೊಲಿಗೆ ಕಲಿಸುತ್ತಿದ್ದ ಮಹಿಳಾ ಸಮಾಜದ ಕೋಣೆ, ಇಷ್ಟು ಆಗಿದೆ. ಒಂದೊಂದರ ಎದುರಿಗೂ ಅದು ಎಲ್ಲಿದೆ, ಅದರ ಸುತ್ತ ಏನಿದೆ, ಯಾರು ಹೇಳಿದರು ಎಂದು ಬರೆದು, ಹೇಳಿದವರ ವಯಸ್ಸನ್ನೂ ಬರೆಯುತ್ತೇನೆ. ಕಳೆದ ವಾರ ಮೆಟ್ಟಿಲುಗಳ ವಿಷಯ ಕೇಳಲು ಮಡಿವಾಳರ ಮನೆಯ ಅಜ್ಜಿಯ ಬಳಿ ಹೋಗಿದ್ದೆ. ತೊಂಬತ್ತರ ಹತ್ತಿರವಿರಬೇಕು. “ಅದನ್ನೆಲ್ಲ ಯಾಕವ್ವಾ ಬರೀತೀಯ, ಅದೇನು ದೇವಸ್ಥಾನವಾ?” ಎಂದರು. ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ. ಮೆಟ್ಟಿಲುಗಳಲ್ಲಿ ಯಾವುದು ಯಾರದಾಗಿತ್ತು ಎಂದು ಕೇಳಿದೆ. ಅಜ್ಜಿ ಬೆರಳು ಮಡಿಸಿ ಎಣಿಸತೊಡಗಿದರು.